ದಿಡ್ಡಿ ಬಾಗಿಲು ಬಿಟ್ಟವ್ರು ಅವ್ರು, ಬೈಸ್ಕೊಳ್ಳೋರು ನಾವು

ಅಕ್ಕಂದಿರೇ, ಅತ್ತಿಗೆಯವ್ರೇ, ಬೀದಿಯ ಗೆಳತಿಯರೇ, ಈ ಸಲ ಹಪ್ಪಳ ಉಪ್ಪಿನಕಾಯಿ ಮಾತಲ್ಲ. ಅವರೆಕಾಯಿ ಕಾಲ ಬಂದಾಗ ಹಿತುಕಿದ ಬೇಳೆ ಬಗ್ಗೆ ಬರೀತೀನಿ, ಅಲ್ಲೀವರ್ಗೂ ತಾಳಿ. ಇವತ್ತು ಬರೀತಿರೋದು ಟಿವಿ ಸ್ಟ್ಯಾಂಡ್ ಮೇಲೆ ಕೂತ್ಕಂಡು ಹಗಲೂ ರಾತ್ರಿ ಮಿಣಮಿಣ ಅನ್ನೋ ವೈಫೈ ಡಬ್ಬಿ ಬಗ್ಗೆ. ಅದಕ್ಕೆ ರೌಟರ್ ಅಂತಾರೆ. ನಮ್ಮ ಬೀದೀಲಿ ಯಾರೂ ಹಂಗನ್ನಲ್ಲ, ಮೋಡೆಂ ಅಂತೀವಿ, ಇಲ್ಲಾಂದ್ರೆ ಡಬ್ಬಿ ಅಂತೀವಿ. ನಾನೂ ಡಬ್ಬಿ ಅಂತ್ಲೇ ಬರೀತೀನಿ.

ಮನೇಲಿ ನೆಟ್‌ಗೆ ಏನಾದ್ರೂ ಆದ್ರೆ ಮೊದಲು ಮಾತು ಬರೋದು ಯಾರ ಮೇಲೆ? "ಪಾಸ್‌ವರ್ಡ್ ಯಾರಿಗೆ ಕೊಟ್ಟೆ? ಯಾವ ಲಿಂಕ್ ಒತ್ತಿದೆ? ಪಕ್ಕದ್ಮನೆ ಹುಡುಗನಿಗೆ ಯಾಕೆ ಹಾಕ್ಕೊಟ್ಟೆ?" ಬೆಳಿಗ್ಗೆ ಮಾರಿಕುಪ್ಪಂನಿಂದ ಬರೋ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗೋರು ರಾತ್ರಿ ಬಂದು ಕೇಳೋದು ಇದೇ. ಹಗಲೆಲ್ಲ ಆ ಡಬ್ಬಿ ಜೊತೆ ಇರೋರು ನಾವು. ಗ್ಯಾಸ್ ಬುಕ್ ಮಾಡೋದು, ಮಕ್ಕಳ ಫೀಸ್ ಕಟ್ಟೋದು, ಅತ್ತೆ ಪೆನ್ಷನ್ ಬಂತಾ ಅಂತ ನೋಡೋದು, ಸಂಘದ ಕಂತು ಕಳ್ಸೋದು ಎಲ್ಲ ಅದರ ಮೇಲೇನೇ ನಡೀತೈತೆ. ಆದ್ರೂ ಅದರ ಬೀಗದ ಕೈ ಮಾತ್ರ ನಮ್ಮ ಹತ್ರ ಇಲ್ಲ.

ನನ್ನ ವಾದ ಇಷ್ಟೇ. ಒಳ್ಳೇ ಪಾಸ್‌ವರ್ಡ್ ಇಡ್ರಿ, ಜಾಗ್ರತೆಯಿಂದ ಇರ್ರಿ ಅಂತ ಹೆಂಗಸ್ರಿಗೆ ಬುದ್ಧಿ ಹೇಳೋರು ಅರ್ಧ ಸತ್ಯ ಹೇಳ್ತವ್ರೆ. ಇನ್ನರ್ಧ ಏನಂದ್ರೆ, ಪಾಸ್‌ವರ್ಡ್ ಕೇಳದೇನೇ ಒಳಗೆ ಬಿಡೋ ಡಬ್ಬಿಗಳನ್ನ ಕಂಪನಿಗಳೇ ಮಾಡಿ ಮಾರವ್ರೆ. ಆ ತಪ್ಪು ನಮ್ಮದಲ್ಲ, ಅದನ್ನ ನಮ್ಮ ತಲೆಗೆ ಕಟ್ಟಬಾರದು.

ಮೊದಲು ಡಬ್ಬೀಲಿ ಏನೈತೆ ಅಂತ ತಿಳ್ಕೊಳ್ಳೋಣ. ಅದಕ್ಕೆ ಎರಡು ಬೀಗ. ಒಂದು ವೈಫೈ ಪಾಸ್‌ವರ್ಡ್, ನೆಂಟ್ರು ಬಂದ್ರೆ ಚೀಟೀಲಿ ಬರ್ಕೊಡ್ತೀವಲ್ಲ, ಅದು. ಅದು ನಡುಮನೆ ಬಾಗಿಲಿದ್ದಂಗೆ. ಎರಡನೇದು ಡಬ್ಬಿಯ ಒಳಗಿನ ಪುಟಕ್ಕೆ ಹೋಗೋ ಪಾಸ್‌ವರ್ಡ್, ಅಡ್ಮಿನ್ ಪಾಸ್‌ವರ್ಡ್ ಅಂತಾರೆ. ಅದು ಬೀರು ಬೀಗ. ಆ ಬೀರು ತೆಗೆದೋರು ವೈಫೈ ಹೆಸರು ಬದಲಾಯಿಸಬಹುದು, ಯಾರ್ಯಾರ ಫೋನ್ ಸೇರಿವೆ ಅಂತ ನೋಡಬಹುದು, ನಾವು ಬ್ಯಾಂಕಿನ ಹೆಸರು ಬರೆದ್ರೆ ಡಬ್ಬಿ ನಮ್ಮನ್ನ ಯಾವ ವಿಳಾಸಕ್ಕೆ ಕರ್ಕಂಡು ಹೋಗ್ಬೇಕು ಅನ್ನೋದನ್ನೂ ಬದಲಾಯಿಸಬಹುದು. ಎಷ್ಟೋ ಮನೇಲಿ ಈ ಎರಡನೇ ಬೀಗ ಒಂದು ಐತೆ ಅನ್ನೋದೇ ಗೊತ್ತಿಲ್ಲ. ಡಬ್ಬಿ ಹಾಕೋಕೆ ಬಂದ ಹುಡುಗ "ಅಡ್ಮಿನ್, ಅಡ್ಮಿನ್" ಅಂತ ಬಿಟ್ಟು ಹೋಗಿರ್ತಾನೆ.

ಅದರಿಂದ ಏನಾಗ್ತೈತೆ ಅಂತ ನಮ್ಮ ರಾಜ್ಯವೇ ನೋಡೈತೆ. 2017ರ ಜುಲೈ ಕೊನೇಲಿ ಬಿಎಸ್‌ಎನ್‌ಎಲ್ ಕರ್ನಾಟಕ ಸರ್ಕಲ್‌ನ ಬ್ರಾಡ್‌ಬ್ಯಾಂಡ್ ಮೋಡೆಂಗಳ ಮೇಲೆ ವೈರಸ್ ದಾಳಿ ಆಯ್ತು. ಸುಮಾರು 60,000 ಮೋಡೆಂ ಕೆಲಸ ನಿಲ್ಸಿದ್ವು ಅಂತ ಪೇಪರ್‌ಗಳಲ್ಲಿ ಬಂತು. ಹಾಳಾಗಿದ್ದು ಮೊದಲಿಂದ ಇದ್ದ "ಅಡ್ಮಿನ್" ಪಾಸ್‌ವರ್ಡೇ ಉಳ್ಕಂಡಿದ್ದ ಮೋಡೆಂಗಳು. ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ ಅಂತ ಇಲಾಖೆ ಗಿರಾಕಿಗಳಿಗೆ ಹೇಳ್ತು. ಸರಿ. ಆದ್ರೆ ಕಂಪನಿಯವ್ರು ದೂರದಿಂದ ರಿಪೇರಿ ಮಾಡೋಕೆ ಅಂತ ಇಟ್ಕೊಂಡಿದ್ದ ದಾರಿ ಲೋಕಕ್ಕೆಲ್ಲ ತೆರೆದಿತ್ತು ಅಂತ ಆಮೇಲೆ ಸುದ್ದಿ ಬಂತು. ಆ ದಾರಿ ತೆರೆದಿಟ್ಟಿದ್ದು ಉರಿಗಾಂನ ಅಜ್ಜಿಯಾ? ಬಂಗಾರಪೇಟೆಯ ಟೀಚರಮ್ಮನಾ?

ಆ ದಾಳಿ ಮಾಡಿದ್ದು ನಾನೇ ಅಂತ ಬ್ರಿಕರ್‌ಬಾಟ್ ಅನ್ನೋ ವೈರಸ್ ಬರೆದ ಒಬ್ಬ ಹೆಸರು ಮರೆಸ್ಕಂಡು ಹೇಳ್ಕೊಂಡ. ಬ್ರಿಕ್ ಅಂದ್ರೆ ಇಟ್ಟಿಗೆ. ಆ ವೈರಸ್ ಕದಿಯಲ್ಲ, ಕೇಳಲ್ಲ, ಒಳಗೆ ಹೋಗಿ ಎಲ್ಲ ಅಳಿಸಿ ಡಬ್ಬೀನ ಇಟ್ಟಿಗೆ ಮಾಡ್ತೈತೆ. ಅವನ ವಾದ ಏನಂದ್ರೆ, ಬೀಗ ಇಲ್ಲದ ಡಬ್ಬಿಗಳನ್ನ ಕಳ್ಳರು ಹಿಡ್ಕಂಡು ಬೇರೆಯವರ ಮೇಲೆ ದಾಳಿಗೆ ಬಳಸ್ತಾರೆ, ಅದಕ್ಕೆ ಮೊದಲೇ ನಾನು ಸಾಯಿಸ್ತೀನಿ ಅಂತ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದು ಇದೇ. ಕೋಪ ಕಂಪನಿ ಮೇಲೆ, ಸತ್ತಿದ್ದು ನಮ್ಮ ಮನೆ ಡಬ್ಬಿ. ಸತ್ತ ಮೋಡೆಂ ಎತ್ಕಂಡು ಆಫೀಸಿಗೆ ಅಲೆದಿದ್ದು ಗಿರಾಕಿ.

ಇಲ್ಲಿ ತನಕ ಕೇಳಿದ್ರೆ "ಹಂಗಾದ್ರೆ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದ್ರೆ ಆಯ್ತಲ್ಲ" ಅನ್ಸುತ್ತೆ. ಬದಲಾಯಿಸ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದಕ್ಕೂ ಮೀರಿದ್ದು ಒಂದೈತೆ, ನಮ್ಮ ಬೀದೀಲಿ ಯಾರೂ ಅದರ ಮಾತೆತ್ತಲ್ಲ.

ಕೋಟೆಗೆ ದೊಡ್ಡ ಬಾಗಿಲು ಒಂದಿದ್ರೆ, ಪಕ್ಕದಲ್ಲಿ ಒಬ್ಬರು ನುಸುಳೋ ಅಷ್ಟು ಚಿಕ್ಕದೊಂದು ದಿಡ್ಡಿ ಬಾಗಿಲು ಇರ್ತಿತ್ತಂತೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅನ್ನೋ ಗಾದೆ ನಮಗೆಲ್ಲ ಗೊತ್ತು. ಈ ಡಬ್ಬಿಗಳಲ್ಲೂ ಅಂಥ ದಿಡ್ಡಿ ಬಾಗಿಲು ಅವೆ. ನೀವು ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಇಡಿ, ಕುಲದೇವರ ಹೆಸರು ಸೇರ್ಸಿ ಇಡಿ, ಆ ಬಾಗಿಲಲ್ಲಿ ಬಂದೋರಿಗೆ ಪಾಸ್‌ವರ್ಡ್ ಅನ್ನೋ ಪ್ರಶ್ನೇನೇ ಬರಲ್ಲ.

ಮೂರು ಉದಾಹರಣೆ ಕೊಡ್ತೀನಿ. ಮೂರೂ ಜಗತ್ತಿಗೆ ಗೊತ್ತಿರೋವು.

2013ರ ಅಕ್ಟೋಬರ್‌ನಲ್ಲಿ ಕ್ರೇಗ್ ಹೆಫ್ನರ್ ಅನ್ನೋರು ಡಿ-ಲಿಂಕ್ ಕಂಪನಿಯ ಡಿಐಆರ್-100 ಅನ್ನೋ ಹಳೇ ಡಬ್ಬಿಯ ಒಳಗಿನ ಪ್ರೋಗ್ರಾಂ ಬಿಚ್ಚಿ ನೋಡಿದ್ರು. ಫೋನೋ ಕಂಪ್ಯೂಟರ್ರೋ ಡಬ್ಬಿ ಜೊತೆ ಮಾತಾಡುವಾಗ ಮೊದಲು "ನಾನು ಇಂಥ ಬ್ರೌಸರ್" ಅಂತ ಹೆಸರು ಹೇಳ್ಕೊಳ್ತೈತೆ. ಒಂದು ವಿಚಿತ್ರ ಹೆಸರು ಹೇಳಿದ್ರೆ ಸಾಕು, ಆ ಡಬ್ಬಿ ಪಾಸ್‌ವರ್ಡ್ ಕೇಳದೇ ಬೀರು ತೆಗೀತಿತ್ತು. ಆ ಹೆಸರನ್ನ ಹಿಂದಿನಿಂದ ಮುಂದಕ್ಕೆ ಓದಿದ್ರೆ "ಎಡಿಟ್ ಬೈ 04882 ಜೋಯೆಲ್ ಬ್ಯಾಕ್‌ಡೋರ್" ಅಂತ ಬರ್ತಿತ್ತು. ಬ್ಯಾಕ್‌ಡೋರ್ ಅಂದ್ರೆ ಹಿತ್ತಲ ಬಾಗಿಲು. ಅಂದ್ರೆ ಇದು ಕೈತಪ್ಪಿ ಆಗಿದ್ದಲ್ಲ, ಪ್ರೋಗ್ರಾಂ ಬರೆದವರೇ ಬೇಕೂಂತ ಇಟ್ಟು, ಅದಕ್ಕೊಂದು ಹೆಸರೂ ಕೊಟ್ಟವ್ರೆ. ಹೊರಗೆ ಗುಲ್ಲಾದ ಮೇಲೆ ಕಂಪನಿ ಸರಿಪಡಿಸಿದ ಪ್ರೋಗ್ರಾಂ ಕೊಡ್ತು. ಗಾದೆ ನೆನಪಾಯ್ತಾ?

2018ರಲ್ಲಿ ಇನ್ನೊಂದು. ಫೈಬರ್ ನೆಟ್‌ಗೆ ಬಳಸೋ ಜಿಪಾನ್ ಅನ್ನೋ ಜಾತಿಯ ಡಬ್ಬಿಗಳು, ದಕ್ಷಿಣ ಕೊರಿಯಾದ ದಾಸನ್ ಕಂಪನಿ ಮಾಡಿದ್ದು. ಪುಟದ ವಿಳಾಸದ ಕೊನೇಲಿ ಒಂದು ಪ್ರಶ್ನೆ ಗುರುತು ಹಾಕಿ "ಇಮೇಜಸ್" ಅಂತ ಬರೆದು ಒಂದು ಗೀಟು ಎಳೆದ್ರೆ ಮುಗೀತು, ಯಾವ ಪುಟ ಬೇಕಾದ್ರೂ ತೆರ್ಕೊಳ್ತಿತ್ತು. ಅದರ ಜೊತೆಗಿದ್ದ ಇನ್ನೊಂದು ಹುಳುಕು ಸೇರಿದ್ರೆ ಡಬ್ಬಿಗೆ ಏನು ಬೇಕಾದ್ರೂ ಆಜ್ಞೆ ಕೊಡಬಹುದಿತ್ತು. ಇಂಟರ್ನೆಟ್‌ನಲ್ಲಿ ಎದುರಿಗೇ ಸಿಗೋ ಅಂಥ ಡಬ್ಬಿಗಳು 10 ಲಕ್ಷಕ್ಕೂ ಹೆಚ್ಚು ಇದ್ವು ಅಂತ ಕಂಡುಹಿಡಿದೋರು ಹೇಳಿದ್ರು. ಸುದ್ದಿ ಬಂದ ಕೆಲವೇ ದಿನಕ್ಕೆ ಕಳ್ಳರು ಸಾಲುಗಟ್ಟಿ ನುಗ್ಗಿದ್ರು.

ಮೂರನೇದು 2021ರ ಆಗಸ್ಟ್. ಟೆನಬಲ್ ಅನ್ನೋ ಕಂಪನಿಯ ಇವಾನ್ ಗ್ರಾಂಟ್ ಹೊರಗೆ ಹಾಕಿದ್ದು. ತೈವಾನಿನ ಆರ್ಕಡ್ಯಾನ್ ಕಂಪನಿ ಬರೆದ ಪ್ರೋಗ್ರಾಂನಲ್ಲಿ ಹುಳುಕು ಇತ್ತು. ಡಬ್ಬಿಯ ಬಾಗಿಲ ಪುಟದಲ್ಲಿ ಲೋಗೋ ಚಿತ್ರ ಕಾಣ್ಬೇಕಲ್ಲ, ಅದಕ್ಕೆ ಚಿತ್ರದ ಫೋಲ್ಡರ್‌ಗೆ ಪಾಸ್‌ವರ್ಡ್ ಬೇಡ ಅಂತ ಬಿಟ್ಟಿದ್ರು. ಕಳ್ಳ ಏನು ಮಾಡ್ತಾನೆ? "ಚಿತ್ರದ ಫೋಲ್ಡರ್‌ಗೆ ಹೋಗ್ತೀನಿ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಂದು ಬೀರು ಹತ್ರ ಹೋಗ್ತೀನಿ" ಅಂತ ವಿಳಾಸ ಬರೀತಾನೆ. ಕಾವಲುಗಾರ ಮೊದಲ ಮಾತು ಕೇಳಿ ಬಿಟ್ಬಿಡ್ತಾನೆ. ಜಗಲಿ ಮೇಲೆ ನೀರು ಕುಡ್ಕಂಡು ಹೋಗ್ತೀನಿ ಅಂದೋನು ಸೀದಾ ದೇವರ ಮನೆಗೆ ಹೋದಂಗೆ. ಈ ಒಂದೇ ಹುಳುಕು 17 ಕಂಪನಿಗಳ ಹೆಸರಲ್ಲಿ ಮಾರಿದ ಕನಿಷ್ಠ 20 ಮಾದರಿಗಳಲ್ಲಿ ಇತ್ತು. ಹತ್ತು ವರ್ಷಕ್ಕೂ ಹಿಂದಿಂದ ಹಂಗೇ ಬಂದಿತ್ತು. ಹೊರಗಡೆ ಬೇರೆ ಬೇರೆ ಬ್ರ್ಯಾಂಡ್, ಒಳಗಡೆ ಒಂದೇ ಹಿಟ್ಟಿನ ದೋಸೆ. "ದೊಡ್ಡ ಕಂಪನೀದು ತಗೊಂಡಿದ್ದೀವಿ, ನಮಗೇನೂ ಆಗಲ್ಲ" ಅನ್ನೋರು ಇದನ್ನ ಎರಡು ಸಲ ಓದ್ಕೊಳ್ಳಿ.

ಈಗ ಹೇಳಿ, ಈ ಮೂರರಲ್ಲಿ ಯಾವ ಹೆಂಗಸು ಯಾವ ಲಿಂಕ್ ಒತ್ತಿದ್ಲು? ಯಾರಿಗೆ ಪಾಸ್‌ವರ್ಡ್ ಕೊಟ್ಲು?

"ನಮ್ಮನೇಲಿ ಕದಿಯೋಕೆ ಏನೈತೆ ಬಿಡಮ್ಮ" ಅನ್ನೋ ಮಾತು ನನಗೆ ಎಲ್ಲದಕ್ಕಿಂತ ಕೋಪ ಬರ್ಸುತ್ತೆ. ಗಣಿ ಮುಚ್ಚಿ, 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಬಾಗಿಲು ಹಾಕಿದ ಮೇಲೆ ಈ ಊರಲ್ಲಿ ಒಂದೊಂದು ರೂಪಾಯೀನೂ ಹೆಂಗೆ ಜೋಡಿಸ್ಕೊಂಡಿದ್ದೀವಿ ಅಂತ ನಮಗೇ ಗೊತ್ತು. ಕೋಟಿ ಇದ್ದೋರ ಮನೇಲಿ ಲಕ್ಷ ಹೋದ್ರೆ ಅದು ಸುದ್ದಿ. ನಮ್ಮನೇಲಿ ಹತ್ತು ಸಾವಿರ ಹೋದ್ರೆ ಮಗಳ ಕಾಲೇಜ್ ಫೀಸ್. ಸಂಘದ ದುಡ್ಡು ಹೋದ್ರೆ ಹೋಗೋದು ದುಡ್ಡು ಒಂದೇ ಅಲ್ಲ, ಹದಿನೈದು ಹೆಂಗಸ್ರ ನಡುವಿನ ನಂಬಿಕೆ.

ಹಂಗಂತ ಸುಮ್ನೆ ಹೆದರಿಸಲ್ಲ. ಡಬ್ಬಿ ಕೆಟ್ಟವರ ಕೈಗೆ ಹೋದ್ರೂ ನಿಮ್ಮ ಯುಪಿಐ ಪಿನ್ನನ್ನ ಗಾಳೀಲಿ ಸೀದಾ ಓದ್ಕೊಳ್ಳಕ್ಕಾಗಲ್ಲ. ಬ್ಯಾಂಕಿನ ಆ್ಯಪ್ ಮತ್ತು ಬ್ಯಾಂಕಿನ ಮಧ್ಯೆ ಮಾತೆಲ್ಲ ಗೂಢವಾಗಿ ನಡೀತೈತೆ. ಅಪಾಯ ಬರೋದು ಬೇರೆ ದಾರೀಲಿ. ನೀವು ಒಂದು ಹೆಸರು ಬರೀತೀರಿ, ಡಬ್ಬಿ ನಿಮ್ಮನ್ನ ಬೇರೆ ವಿಳಾಸಕ್ಕೆ ಕರ್ಕಂಡು ಹೋಗ್ತೈತೆ. ಅಲ್ಲಿ ಅದೇ ಬಣ್ಣ, ಅದೇ ಲೋಗೋ ಇರೋ ಸುಳ್ಳು ಪುಟ. "ಈ ಪುಟ ಸುರಕ್ಷಿತ ಅಲ್ಲ" ಅಂತ ಫೋನ್ ಎಚ್ಚರಿಸ್ತೈತೆ, ಅವಸರದಲ್ಲಿ ನಾವು "ಇರ್ಲಿ" ಅಂತ ಒತ್ತಿ ಮುಂದೆ ಹೋದ್ರೆ ಅಲ್ಲಿಗೆ ಆಯ್ತು. ಬ್ರೆಜಿಲ್ ದೇಶದಲ್ಲಿ 2011 ಮತ್ತು 2012ರಲ್ಲಿ ಇದೇ ಆಗಿದ್ದು. ಪಾಸ್‌ವರ್ಡನ್ನ ಹೊರಗಿನೋರಿಗೆ ಬಿಟ್ಟುಕೊಡೋ ಹುಳುಕು ಇದ್ದ ಮೋಡೆಂಗಳು ಅಲ್ಲಿ ಸುಮಾರು 45 ಲಕ್ಷ ಕಳ್ಳರ ಕೈಗೆ ಹೋದ್ವು, ಬ್ಯಾಂಕಿಗೆ ಹೊರಟ ಜನ ಕಳ್ಳರ ಪುಟಕ್ಕೆ ಹೋಗಿ ಇಳಿದ್ರು.

ಇನ್ನೊಂದು ಅಪಾಯ ಇನ್ನೂ ಹತ್ರದ್ದು. ನಿಮ್ಮ ಡಬ್ಬಿ ಮೂಲಕ ಯಾರೋ ಎಲ್ಲೋ ಕೆಟ್ಟ ಕೆಲಸ ಮಾಡಿದ್ರೆ ಅದರ ಹೆಜ್ಜೆ ಗುರುತು ನಿಮ್ಮನೆ ಹೊಸ್ತಿಲಿಗೆ ಬಂದು ನಿಲ್ತೈತೆ. ಕನೆಕ್ಷನ್ ಯಾರ ಹೆಸರಲ್ಲಿ ಐತೋ ಅವರನ್ನ ಮೊದಲು ಕೇಳ್ತಾರೆ. ನೆಟ್ ಬಿಲ್ ಮಾವನವರ ಹೆಸರಲ್ಲಿ ಐತಾ, ನಿಮ್ಮ ಹೆಸರಲ್ಲಿ ಐತಾ, ಒಂದ್ಸಲ ತೆಗೆದು ನೋಡ್ಕೊಳ್ಳಿ.

ಈಗ ನಮ್ಮ ಬೀದಿ ವಿಷಯಕ್ಕೆ ಬರೋಣ. ನಮಗೆ ನೆಟ್ ಕೊಡೋರ ಹುಡುಗ ಬಂದಾಗ ನಾನು ಎರಡು ಮಾತು ಕೇಳಿದೆ. ಈ ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಏನಪ್ಪಾ? ಇದರ ಪ್ರೋಗ್ರಾಂ ಕೊನೇ ಸಲ ಯಾವಾಗ ಹೊಸದು ಮಾಡಿದ್ರಿ? ಅವನು ನಕ್ಕ. "ಅದೆಲ್ಲ ಕಸ್ಟಮರ್‌ಗೆ ಕೊಡಲ್ಲ ಆಂಟಿ. ಸಾರ್ ಇದ್ರೆ ಫೋನ್ ಮಾಡ್ಸಿ, ಮಾತಾಡ್ತೀನಿ" ಅಂದ. ತಿಂಗಳಾ ತಿಂಗಳಾ ದುಡ್ಡು ಎಣಿಸಿ ಕೊಡೋದು ಆಂಟಿ, ಪಾಸ್‌ವರ್ಡ್ ಮಾತ್ರ ಸಾರ್‌ಗೆ! ಮಜಾ ಏನಂದ್ರೆ ಸಾರ್ ಕೇಳಿದ್ರೂ ಕೊಡ್ಲಿಲ್ಲ.

ಇದರಲ್ಲಿರೋ ಅನ್ಯಾಯ ಬಿಡಿಸಿ ನೋಡಿ. ಪಾಸ್‌ವರ್ಡ್ ಬದಲಾಯಿಸಿ ಅಂತ ಉಪದೇಶ ಮಾಡ್ತಾರೆ, ಬದಲಾಯಿಸೋ ಬೀಗದ ಕೈ ಕೊಡಲ್ಲ. ಪ್ರೋಗ್ರಾಂ ಹೊಸದು ಮಾಡ್ಕೊಳ್ಳಿ ಅಂತಾರೆ, ಮಾಡೋ ಅಧಿಕಾರ ಅವರೇ ಇಟ್ಕೊಂಡವ್ರೆ, ಅವ್ರೂ ಮಾಡಲ್ಲ. ಕೊನೆಗೆ ಏನಾದ್ರೂ ಆದ್ರೆ "ನೀವು ಜಾಗ್ರತೆ ಇರ್ಬೇಕಿತ್ತು." ಗಣೀಲಿ ಕೇಜ್ ಹತ್ತಿ ಇಳೀತಿದ್ದ ನಮ್ಮ ತಾತಂದಿರಿಗೆ ಯಾರಾದ್ರೂ "ಹಗ್ಗ ಗಟ್ಟಿ ಐತಾ ನೀನೇ ನೋಡ್ಕೊಂಡು ಇಳಿ, ತುಂಡಾದ್ರೆ ನಿನ್ನ ತಪ್ಪು" ಅಂದಿದ್ರೆ ಹೆಂಗಿರ್ತಿತ್ತು? ಹಗ್ಗ ನೋಡೋದು ಹಗ್ಗ ಹಾಕಿದೋರ ಕೆಲಸ. ಇಳಿಯೋನು ಟೋಪಿ ಹಾಕ್ಕೊಳ್ಳಬೇಕು, ದೀಪ ಹಿಡ್ಕೊಳ್ಳಬೇಕು, ಸರಿ. ಆದ್ರೆ ಟೋಪಿ ಹಾಕ್ಕೊಂಡ್ರೆ ಹಗ್ಗ ತುಂಡಾಗೋದು ನಿಲ್ಲಲ್ಲ.

"ನೆಟ್ ಕೊಡೋರು ಎಷ್ಟು ಮನೇದು ಅಂತ ನೋಡ್ತಾರೆ, ಕಡಿಮೆ ದುಡ್ಡಿಗೆ ಕೊಡ್ತವ್ರಲ್ಲ" ಅಂತ ನಮ್ಮಲ್ಲೇ ಕೆಲವರು ಅವರ ಪರ ಮಾತಾಡ್ತಾರೆ. ಗಿರಾಕಿ ಕೈಗೆ ಪಾಸ್‌ವರ್ಡ್ ಕೊಟ್ರೆ ಏನೇನೋ ಒತ್ತಿ ಕೆಡಿಸ್ಕೊಂಡು ಮತ್ತೆ ಅವರನ್ನೇ ಕರೀತಾರೆ, ಅದೂ ನಿಜ. ಸರಿ, ಒಪ್ದೆ. ಹಂಗಾದ್ರೆ ಬೀಗದ ಕೈ ನೀವೇ ಇಟ್ಕೊಳ್ಳಿ, ಆದ್ರೆ ಕಾವಲೂ ನೀವೇ ಕಾಯಿರಿ. ಕೈ ನಿಮ್ಮದು, ಕಳವಾದ್ರೆ ಹೊಣೆ ನಮ್ಮದು ಅನ್ನೋ ವ್ಯಾಪಾರ ಮಾತ್ರ ಬೇಡ. ಕಡಿಮೆ ದುಡ್ಡಿಗೆ ಹಾಲು ಕೊಡ್ತೀನಿ ಅಂತ ಕೆಟ್ಟ ಹಾಲು ಕೊಟ್ರೆ ನಾವು ಸುಮ್ನೆ ಇರ್ತೀವಾ?

ಇದು ಆಗದ ಕೆಲಸ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ ಇಂಥ ಡಬ್ಬಿಗಳಿಗೆ ಕಾನೂನು ಐತೆ, ಪ್ರತಿ ಡಬ್ಬಿಗೂ ಬೇರೆ ಪಾಸ್‌ವರ್ಡ್ ಇರ್ಬೇಕು, ಇಲ್ಲಾಂದ್ರೆ ಮೊದಲ ಸಲ ಹಾಕಿದಾಗ್ಲೇ ಬದಲಾಯಿಸೋ ಹಂಗಿರ್ಬೇಕು. ಬ್ರಿಟನ್ನಲ್ಲಿ 2024ರ ಏಪ್ರಿಲ್ 29ರಿಂದ ಇನ್ನೂ ಬಿಗಿ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರಂಗಿಲ್ಲ, ಹುಳುಕು ಸಿಕ್ಕಿದ್ರೆ ಯಾರಿಗೆ ಹೇಳ್ಬೇಕು ಅಂತ ತಿಳಿಸ್ಬೇಕು, ಎಷ್ಟು ದಿನದ ತನಕ ರಿಪೇರಿ ಕೊಡ್ತೀವಿ ಅಂತ ಮಾರೋವಾಗ್ಲೇ ಹೇಳ್ಬೇಕು. ಹಾಲಿನ ಪ್ಯಾಕೆಟ್ ಮೇಲೆ ತಾರೀಖು ಇಲ್ವಾ, ಹಂಗೆ. ನಮ್ಮಲ್ಲೂ ಟೆಲಿಕಾಂ ಇಲಾಖೆ ಕೆಳಗೆ ಇಂಥ ಯಂತ್ರಗಳ ಸುರಕ್ಷತೆಗೆ ನಿಯಮ ಬರೆದು ಪರೀಕ್ಷೆ ಮಾಡಿಸೋ ರಾಷ್ಟ್ರೀಯ ಕೇಂದ್ರ ಒಂದೈತೆ, ಅದೂ ಬೆಂಗಳೂರಲ್ಲೇ. ನಮ್ಮ ಟ್ರೈನ್ ದಿನಾ ಹೋಗೋ ಊರು. ನಿಯಮ ಅಲ್ಲಿಂದ ಹೊರಟು ನಮ್ಮ ಟಿವಿ ಸ್ಟ್ಯಾಂಡ್ ತನಕ ಬರ್ಬೇಕು. ಹೊಸ ಡಬ್ಬಿಗೆ ಪರೀಕ್ಷೆ ಮಾಡಿದ್ರೆ ಸಾಲದು, ಎಂಟು ವರ್ಷದಿಂದ ಧೂಳು ಹಿಡ್ಕಂಡು ಉರೀತಿರೋ ಹಳೇ ಡಬ್ಬಿಗಳ ಗತಿ ಏನು ಅಂತ ಯಾರಾದ್ರೂ ಉತ್ತರ ಕೊಡ್ಬೇಕು.

ಅಲ್ಲೀವರ್ಗೂ ನಾವು ಏನು ಮಾಡೋಣ? ಬರೀ ಬೈದ್ರೆ ಪ್ರಯೋಜನ ಇಲ್ಲ. ಡಬ್ಬಿ ತಿರುಗಿಸಿ ಹಿಂದಿನ ಚೀಟಿ ನೋಡಿ, ಕಂಪನಿ ಹೆಸರು, ಮಾದರಿ ನಂಬರ್ ಬರ್ಕೊಳ್ಳಿ, ರೇಷನ್ ಕಾರ್ಡ್ ಇಡೋ ಜಾಗದಲ್ಲೇ ಇಡಿ. ಡಬ್ಬಿ ನಿಮ್ಮ ಸ್ವಂತದ್ದಾದ್ರೆ ಮಗನೋ ಮಗಳೋ ಕೂತ್ಕಂಡು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸ್ಲಿ, ಕಂಪನಿಯ ಸೈಟಿಂದ ಹೊಸ ಪ್ರೋಗ್ರಾಂ ಬಂದೈತಾ ನೋಡ್ಲಿ, ಮತ್ತೆ "ರಿಮೋಟ್ ಮ್ಯಾನೇಜ್‌ಮೆಂಟ್" ಅನ್ನೋದನ್ನ ಆಫ್ ಮಾಡ್ಲಿ. ಈ ಕೊನೇದು ಮುಖ್ಯ, ಯಾಕಂದ್ರೆ ದಿಡ್ಡಿ ಬಾಗಿಲು ಇದ್ರೂ ಅದು ಬೀದಿಗೆ ಕಾಣದಂಗೆ ಗೋಡೆ ಎಬ್ಬಿಸಿದಂಗೆ ಆಗ್ತೈತೆ. ಹುಳುಕು ಪೂರ್ತಿ ಹೋಗಲ್ಲ, ಆದ್ರೆ ದೂರದ ಕಳ್ಳನಿಗೆ ಕಷ್ಟ. ಕಂಪನಿ ರಿಪೇರಿ ಕೊಡೋದು ನಿಲ್ಸಿರೋ ಡಬ್ಬಿಯಾದ್ರೆ ಅದಕ್ಕೆ ಏನು ಮಾಡಿದ್ರೂ ಪ್ರಯೋಜನ ಇಲ್ಲ, ಬದಲಾಯಿಸ್ಲೇಬೇಕು. ಫೋನು "ಸುರಕ್ಷಿತ ಅಲ್ಲ" ಅಂದ್ರೆ ಅಲ್ಲೇ ನಿಲ್ಸಿ. ದುಡ್ಡು ಹೋಗೇಬಿಟ್ರೆ ಅಳ್ತಾ ಕೂರ್ಬೇಡಿ, ಯಾರು ಬೈತಾರೋ ಅಂತ ಮುಚ್ಚಿಡ್ಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳಿದ್ರೆ ದುಡ್ಡು ತಡೆಯೋಕೆ ಅಷ್ಟು ಅವಕಾಶ.

ಡಬ್ಬಿ ನೆಟ್ ಕೊಡೋರದ್ದಾದ್ರೆ, ಒಬ್ಬೊಬ್ಬರೇ ಕೇಳಿದ್ರೆ ನಕ್ಕು ಹೋಗ್ತಾರೆ. ಬೀದಿಯೋರೆಲ್ಲ ಸೇರಿ ಒಂದೇ ಕಾಗದದಲ್ಲಿ ಕೇಳೋಣ. ಮೂರೇ ಪ್ರಶ್ನೆ. ಈ ಡಬ್ಬಿಗೆ ಅಡ್ಮಿನ್ ಪಾಸ್‌ವರ್ಡ್ ಮನೆಮನೆಗೂ ಬೇರೆ ಐತಾ? ಕೊನೇ ಸಲ ಪ್ರೋಗ್ರಾಂ ಹೊಸದು ಮಾಡಿದ್ದು ಯಾವ ತಾರೀಖು? ರಿಪೇರಿ ನಿಂತ ಮೇಲೆ ಡಬ್ಬೀನ ಯಾರ ಖರ್ಚಲ್ಲಿ ಬದಲಾಯಿಸ್ತೀರಿ? ಉತ್ತರಾನೂ ಬರವಣಿಗೇಲೇ ಬೇಕು, ಬಾಯಿಮಾತಲ್ಲ. ಬೇತಮಂಗಲದ ನೀರು ಬರಲಿಲ್ಲ ಅಂದ್ರೆ ಕೊಡ ಹಿಡ್ಕಂಡು ರೋಡಿಗೆ ಬಂದೋರು ನಾವು. ಒಂದು ಕಾಗದಕ್ಕೆ ಹತ್ತು ಸಹಿ ಹಾಕೋಕೆ ಹೆದರ್ತೀವಾ?

ಮನೆ ಗಂಡಸ್ರಿಗೂ ಒಂದು ಮಾತು, ಇದನ್ನ ಓದಿ ಹೇಳಿ. ಮುಂದಿನ ಸಲ ನೆಟ್ ಕೆಟ್ಟಾಗ "ಏನು ಒತ್ತಿದೆ" ಅಂತ ಕೇಳೋ ಮುಂಚೆ ಆ ಡಬ್ಬಿ ಎಷ್ಟು ಹಳೇದು, ಅದರ ಬೀಗದ ಕೈ ಯಾರ ಹತ್ರ ಐತೆ ಅಂತ ಕೇಳಲಿ. ಉತ್ತರ ಗೊತ್ತಿಲ್ಲದೋರಿಗೆ ಬೈಯೋ ಹಕ್ಕಿಲ್ಲ.

ಕಾಗದ ನಾನು ಬರೆದು ಇಟ್ಟೀನಿ. ಸಹಿ ಹಾಕೋರು ಡಬ್ಬಿಯ ಮಾದರಿ ನಂಬರ್ ಬರ್ಕೊಂಡು ಬನ್ನಿ.